ಮನೆ, ದಾರಿ ಮತ್ತು ನೆರೆಮನೆ
(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬ ಹಾಗೂ ಸಂಗಾತಿಗಳ ಮೇಲೆ ಶಾಂತಿ ಮತ್ತು ಅನುಗ್ರಹಗಳಿರಲಿ.



ಪರೀಕ್ಷೆಗಳ ಫಲಿತಾಂಶ ಬಂದು, ಕೆಲಸದ ಆದೇಶಪತ್ರಗಳು ಕೈಸೇರುವ ಕಾಲವಿದು. ನಮ್ಮ ಜಮಾಅತ್‌ನ ಹಲವು ಮನೆಗಳಲ್ಲಿ ಈಗ ಒಂದೇ ಮಾತು. ಮಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ, ಮಗಳು ಅಳಿಯನ ಜೊತೆ ಬೆಂಗಳೂರಿಗೆ ಹೊರಟಿದ್ದಾಳೆ, ಅಲ್ಲೊಂದು ಬಾಡಿಗೆ ಮನೆ ನೋಡಬೇಕು. ನಮ್ಮ ಹಿರಿಯರು ಮುಂಬೈಗೆ ಹೋದರು, ಆಮೇಲೆ ಗಲ್ಫಿಗೆ ಹೋದರು. ಅಲ್ಲಿ ಇರಲು ಒಂದು ಮಂಚದ ಜಾಗ ಸಿಕ್ಕರೆ ಸಾಕಾಗಿತ್ತು. ಹೆಂಡತಿ ಮಕ್ಕಳು ಊರಲ್ಲೇ ಇರುತ್ತಿದ್ದರು. ಈಗ ಇಡೀ ಕುಟುಂಬವೇ ಹೊರಡುತ್ತಿದೆ. ಹಾಗಾಗಿ ಮನೆ ಆರಿಸುವುದೆಂದರೆ ಒಬ್ಬನ ಮಲಗುವ ಜಾಗ ಹುಡುಕುವ ಕೆಲಸವಲ್ಲ. ಮಕ್ಕಳು ಎಂಥವರ ನಡುವೆ ಬೆಳೆಯಬೇಕು, ತಂದೆ ದಿನಕ್ಕೆ ಎಷ್ಟು ಹೊತ್ತು ಮನೆಯಲ್ಲಿರಬೇಕು ಎಂಬುದೂ ಅದರಲ್ಲೇ ತೀರ್ಮಾನವಾಗುತ್ತದೆ.

ಬಾಡಿಗೆ ಮನೆ ನೋಡುವುದು ಖುತ್ಬಾದಲ್ಲಿ ಹೇಳುವ ವಿಷಯವೇ ಎಂದು ಯಾರಾದರೂ ಕೇಳಬಹುದು. ಸಅದ್ ಬಿನ್ ಅಬೀ ವಕ್ಕಾಸ್(ರ) ವರದಿ ಮಾಡಿರುವ ಒಂದು ಹದೀಸ್ ಇದೆ. ಮನುಷ್ಯನ ಸೌಭಾಗ್ಯಕ್ಕೆ ಸೇರಿದ ನಾಲ್ಕು ಸಂಗತಿಗಳನ್ನು ಪ್ರವಾದಿ(ಸ)ರು ಅದರಲ್ಲಿ ಎಣಿಸಿದ್ದಾರೆ. ಸದ್ಗುಣಿಯಾದ ಪತ್ನಿ, ವಿಶಾಲವಾದ ಮನೆ, ಒಳ್ಳೆಯ ನೆರೆಯವನು ಮತ್ತು ಹಿತವಾದ ವಾಹನ. ಈ ನಾಲ್ಕನ್ನೂ ಒಂದೇ ಉಸಿರಿನಲ್ಲಿ ಹೇಳಲಾಗಿದೆ. ಮನೆ ವಿಶಾಲವಾಗಿದ್ದು, ಹೋಗಿಬರುವ ದಾರಿ ಜೀವ ಹಿಂಡುವಂತಿದ್ದರೆ ಸೌಭಾಗ್ಯ ಪೂರ್ತಿಯಾಗಲಿಲ್ಲ. ಮನೆಯೂ ದಾರಿಯೂ ಚೆನ್ನಾಗಿದ್ದು, ನೆರೆಮನೆ ಸರಿಯಿಲ್ಲದಿದ್ದರೂ ಪೂರ್ತಿಯಾಗಲಿಲ್ಲ. ನಮ್ಮಲ್ಲಿ ಹೆಚ್ಚಿನವರು ಬಾಡಿಗೆ ಎಷ್ಟು ಎಂಬ ಒಂದೇ ಪ್ರಶ್ನೆ ಕೇಳುತ್ತಾರೆ. ದಾರಿಯನ್ನೂ ನೆರೆಯವರನ್ನೂ ಆಮೇಲೆ ನೋಡೋಣ ಎನ್ನುತ್ತಾರೆ. ಇಂದು ಈ ಮೂರನ್ನೂ ಒಟ್ಟಿಗೆ ತೂಗುವುದು ಹೇಗೆಂದು ನೋಡೋಣ.

ಮೊದಲು ದಾರಿ

ನಮ್ಮ ಹುಡುಗರು ಮನೆ ನೋಡುವ ರೀತಿ ನಮಗೆಲ್ಲ ಗೊತ್ತಿರುವುದೇ. ಶನಿವಾರ ರಾತ್ರಿ ಬಸ್ಸು ಹತ್ತುತ್ತಾರೆ. ಭಾನುವಾರ ಬ್ರೋಕರ್ ಜೊತೆ ನಾಲ್ಕು ಮನೆ ನೋಡುತ್ತಾರೆ. ಐದನೆಯದಕ್ಕೆ ಅಡ್ವಾನ್ಸ್ ಕೊಟ್ಟು ರಾತ್ರಿ ಬಸ್ಸಿಗೆ ವಾಪಸು ಬರುತ್ತಾರೆ. ಆದರೆ ಭಾನುವಾರದ ಬೆಂಗಳೂರು ಬೇರೆ, ಸೋಮವಾರದ ಬೆಂಗಳೂರು ಬೇರೆ. ಭಾನುವಾರ ಮಧ್ಯಾಹ್ನ ನಲವತ್ತು ನಿಮಿಷದ ದಾರಿ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಒಂದೂವರೆ ಗಂಟೆ ತಿನ್ನಬಹುದು. ಆದ್ದರಿಂದ ಒಂದು ದಿನ ಹೆಚ್ಚು ಉಳಿಯಿರಿ. ಆ ಮನೆಯ ಬಾಗಿಲಿನಿಂದ ಹೊರಟು, ಕಚೇರಿಯ ಬಾಗಿಲಿನವರೆಗೆ ಕೆಲಸದ ಹೊತ್ತಿನಲ್ಲೇ ಹೋಗಿ ನೋಡಿ. ಸಂಜೆ ಅದೇ ದಾರಿಯಲ್ಲಿ ಮರಳಿ ಬನ್ನಿ. ಮೊಬೈಲ್ ತೋರಿಸುವುದು ಬರೀ ರಸ್ತೆಯ ಹೊತ್ತು. ಬಸ್ಸಿಗೆ ಕಾದ ಹೊತ್ತು, ಮೆಟ್ರೊ ನಿಲ್ದಾಣಕ್ಕೆ ನಡೆದ ಹೊತ್ತು, ಅಲ್ಲಿಂದ ಆಟೊ ಸಿಗದೆ ನಿಂತ ಹೊತ್ತು ಇವೆಲ್ಲ ನಮ್ಮ ಆಯುಷ್ಯದ್ದೇ.

ಈಗ ಒಂದು ಲೆಕ್ಕ ಹಾಕೋಣ. ಒಂದು ಮನೆಯ ಬಾಡಿಗೆ 16,000 ರೂಪಾಯಿ. ಅಲ್ಲಿಂದ ಕಚೇರಿಗೆ ಹೋಗಿ ಬರಲು ದಿನಕ್ಕೆ ಮೂರು ಗಂಟೆ, ತಿಂಗಳ ಪ್ರಯಾಣ ವೆಚ್ಚ 4,000. ಇನ್ನೊಂದರ ಬಾಡಿಗೆ 21,000. ಅಲ್ಲಿಂದ ದಿನಕ್ಕೆ ಒಂದು ಗಂಟೆ, ಪ್ರಯಾಣ ವೆಚ್ಚ 1,000. ಬಾಡಿಗೆ ಮಾತ್ರ ನೋಡಿದರೆ ಮೊದಲ ಮನೆಯಲ್ಲಿ 5,000 ಉಳಿತಾಯ. ಪ್ರಯಾಣ ಸೇರಿಸಿದರೆ ಉಳಿಯುವುದು 2,000. ತಿಂಗಳಿಗೆ 22 ಕೆಲಸದ ದಿನಗಳೆಂದರೆ, ಆ 2,000ಕ್ಕಾಗಿ ಅವನು 44 ಗಂಟೆ ಹೆಚ್ಚಾಗಿ ರಸ್ತೆಯಲ್ಲಿರುತ್ತಾನೆ. ಗಂಟೆಗೆ ಸುಮಾರು 45 ರೂಪಾಯಿ. ಮಗುವಿಗೆ ಪಾಠ ಹೇಳಿಕೊಡುವ, ತಾಯಿಗೆ ಫೋನ್ ಮಾಡುವ, ಹೆಂಡತಿಯ ಜೊತೆ ಕೂತು ಉಣ್ಣುವ ಒಂದು ಗಂಟೆಯನ್ನು ಅವನು 45 ರೂಪಾಯಿಗೆ ಮಾರಿದ್ದಾನೆ. ಮಗು ಏಳುವ ಮೊದಲು ಹೊರಟು, ಮಲಗಿದ ಮೇಲೆ ಮನೆ ಸೇರುವ ತಂದೆಯನ್ನು ಆ ಮಗು ಭಾನುವಾರದ ಅತಿಥಿಯೆಂದೇ ತಿಳಿಯುತ್ತದೆ.

ಪ್ರಯಾಣವು ಯಾತನೆಯ ಒಂದು ತುಣುಕು, ಅದು ಮನುಷ್ಯನ ನಿದ್ದೆಯನ್ನೂ ಅನ್ನಪಾನವನ್ನೂ ಕಿತ್ತುಕೊಳ್ಳುತ್ತದೆ, ಆದ್ದರಿಂದ ಹೋದ ಕೆಲಸ ಮುಗಿದೊಡನೆ ಮನೆಯವರ ಬಳಿಗೆ ಬೇಗ ಮರಳಬೇಕು ಎಂಬರ್ಥದ ಪ್ರವಾದಿವಚನ ಬುಖಾರಿಯಲ್ಲಿದೆ. ಅದು ಒಂಟೆಯ ಮೇಲೆ ದಿನಗಟ್ಟಲೆ ಸಾಗುವವರಿಗೆ ಹೇಳಿದ ಮಾತು. ದಿನಾ ಮೂರು ಗಂಟೆ ಹೊಗೆ ಕುಡಿಯುತ್ತಾ ನಿಲ್ಲುವವನಿಗೂ ಅದು ಒಪ್ಪುತ್ತದೆ.

ಹಾಗೆಂದು ದೂರದ ಮನೆ ಯಾವಾಗಲೂ ತಪ್ಪಲ್ಲ. ಉಳಿಯುವ ಆ 2,000 ಊರಲ್ಲಿರುವ ತಂದೆಯ ಔಷಧಿಗೆ ಹೋಗುತ್ತಿದ್ದರೆ, ಆ ದಾರಿಯ ಆಯಾಸಕ್ಕೆ ಅಲ್ಲಾಹನ ಬಳಿ ಪ್ರತಿಫಲವಿದೆ. ಮದೀನಾದಲ್ಲಿ ಬನೂ ಸಲಿಮಾ ಎಂಬ ಗೋತ್ರದವರ ಮನೆಗಳು ಮಸೀದಿಯಿಂದ ದೂರವಿದ್ದವು. ಅವರು ಮಸೀದಿಯ ಹತ್ತಿರಕ್ಕೆ ಬರಬೇಕೆಂದು ಬಯಸಿದರು. ಪ್ರವಾದಿ(ಸ)ರು ಅವರಿಗೆ, ಇದ್ದಲ್ಲೇ ಇರಿ, ನಿಮ್ಮ ಹೆಜ್ಜೆಗಳು ದಾಖಲಾಗುತ್ತಿವೆ ಎಂಬ ಭರವಸೆ ನೀಡಿದರು. ಊರಿನ ಅಂಚುಗಳು ಬರಿದಾಗುವುದು ಅವರಿಗೆ ಇಷ್ಟವಿರಲಿಲ್ಲವೆಂದು ವರದಿಯಲ್ಲಿದೆ. ದೂರವನ್ನು ಲೆಕ್ಕ ಹಾಕಿ, ಕಾರಣ ತಿಳಿದು ಆರಿಸಿದವನು ಅದನ್ನು ಸಹನೆಯಿಂದ ಹೊರುತ್ತಾನೆ. ಲೆಕ್ಕವನ್ನೇ ಹಾಕದವನು ಆರು ತಿಂಗಳಲ್ಲಿ ಸೋತು, ಮತ್ತೆ ಸಾಮಾನು ಕಟ್ಟುತ್ತಾನೆ.

ಬೆಂಗಳೂರಿನ ವಿಷಯದಲ್ಲಿ ಕೆಲವು ಸಂಗತಿಗಳನ್ನು ತಿಳಿದಿರಬೇಕು. ಮೆಟ್ರೊದ ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಸುಮಾರು 43 ಕಿ.ಮೀ. ಪೂರ್ತಿ ಓಡುತ್ತಿದೆ. ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಸುಮಾರು 19 ಕಿ.ಮೀ. ತೆರೆಯಿತು. ಹೀಗಾಗಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವವನು ಅಲ್ಲೇ ಮನೆ ಮಾಡಬೇಕೆಂದಿಲ್ಲ. ಗುರಪ್ಪನಪಾಳ್ಯ, ತಿಲಕ್ ನಗರ, ಬಿಟಿಎಂ ಬಡಾವಣೆಯ ಕಡೆ ಇದ್ದು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ವಾಹನಗಳ ಮೇಲಿನಿಂದ ಹೋಗಬಹುದು. ಆದರೆ ದರವನ್ನೂ ನೋಡಿ. 2025ರ ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಆ ದರದಲ್ಲಿ ಹೋಗಿ ಬಂದರೆ 22 ದಿನಕ್ಕೆ 3,960 ರೂಪಾಯಿ. ಇನ್ನೂ ಒಂದು ಮಾತು. ಬ್ರೋಕರ್ ಕಂಬಗಳನ್ನು ತೋರಿಸಿ, ಮೆಟ್ರೊ ಇನ್ನೇನು ಬಂದೇಬಿಡುತ್ತದೆ ಎನ್ನುತ್ತಾನೆ. ಓಡುವ ರೈಲಿಗೆ ಬಾಡಿಗೆ ಕೊಡಿ, ನಿಂತ ಕಂಬಕ್ಕೆ ಕೊಡಬೇಡಿ.

ಮನೆಯಲ್ಲಿ ಇಬ್ಬರೂ ದುಡಿಯುವವರಾದರೆ ಇಬ್ಬರ ದಾರಿಯನ್ನೂ ತೂಗಿ. ಗಂಡನ ಕಚೇರಿಗೆ ಹತ್ತಿರವೆಂದು ಹೆಂಡತಿಯನ್ನು ಎರಡು ಬಸ್ಸು ಬದಲಿಸುವಂತೆ ಮಾಡುವುದು ನ್ಯಾಯವಲ್ಲ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಮನೆಯ ಹತ್ತಿರ ಅಂಥ ಬಸ್ಸಿನ ನಿಲ್ದಾಣವಿದ್ದರೆ ಅದೂ ಒಂದು ಅನುಕೂಲ. ಮಕ್ಕಳ ಶಾಲೆ, ಮದ್ರಸ, ಶುಕ್ರವಾರ ಮಧ್ಯಾಹ್ನದ ಬಿಡುವಿನಲ್ಲಿ ಕಚೇರಿಯಿಂದ ಹೋಗಿ ಬರಬಹುದಾದ ಮಸೀದಿ, ಇವುಗಳ ದೂರವನ್ನೂ ಇದೇ ಪಟ್ಟಿಯಲ್ಲಿ ಬರೆಯಿರಿ.

ಎರಡನೆಯದು ಮನೆ

ಮನೆಯಲ್ಲಿ ಹೆಚ್ಚು ಹೊತ್ತು ಇರುವವರು ಮನೆ ನೋಡಲಿ. ಗಂಡಸರು ಹಾಲ್ ನೋಡಿ ಒಪ್ಪಿಬಿಡುತ್ತಾರೆ. ಅಡುಗೆಮನೆಗೆ ಬೆಳಕಿದೆಯೇ, ಬಟ್ಟೆ ಒಣಗಿಸಲು ಜಾಗವಿದೆಯೇ, ಗೋಡೆಯಲ್ಲಿ ತೇವವಿದೆಯೇ, ವಯಸ್ಸಾದ ಅತ್ತೆ ಮಾವ ಬಂದರೆ ಮೆಟ್ಟಿಲು ಹತ್ತಬಲ್ಲರೇ ಎಂದು ನೋಡುವವರು ಹೆಂಗಸರು. ಸಾಧ್ಯವಾದರೆ ಅವರನ್ನು ಕರೆದೊಯ್ಯಿರಿ, ಆಗದಿದ್ದರೆ ವಿಡಿಯೊ ಕರೆಯಲ್ಲಾದರೂ ಮೂಲೆಮೂಲೆ ತೋರಿಸಿ.

ನೀರಿನ ಬಗ್ಗೆ ಕೇಳದೆ ಒಪ್ಪಬೇಡಿ. 2024ರ ಬೇಸಗೆಯಲ್ಲಿ ಬೆಂಗಳೂರಿನ ಸಾವಿರಾರು ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ಹಿಂದೆ ಜನ ಓಡಿದ್ದನ್ನು ನಾವು ಕಂಡಿದ್ದೇವೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ, ನಗರದ ಅಂಚಿನ 110 ಹಳ್ಳಿಗಳಿಗೆ ನೀರು ಕೊಡುವ ಕೆಲಸ ಮುಂದೆ ಸಾಗಿತು. ಆದರೆ ನೀವು ನೋಡಿದ ಕಟ್ಟಡಕ್ಕೆ ಕಾವೇರಿ ಸಂಪರ್ಕವಿದೆಯೇ, ವಾರಕ್ಕೆ ಎಷ್ಟು ದಿನ ಬರುತ್ತದೆ, ಟ್ಯಾಂಕರ್ ತರಿಸಿದರೆ ದುಡ್ಡು ಯಾರದು ಎಂದು ಮಾಲೀಕರನ್ನಲ್ಲ, ಅಲ್ಲೇ ಬಾಡಿಗೆಗಿರುವವರನ್ನು ಕೇಳಿ. ಮಳೆಗಾಲದ ಬಗ್ಗೆಯೂ ಅವರನ್ನೇ ಕೇಳಿ. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ದುಬಾರಿ ಬಡಾವಣೆಗಳಿಂದಲೂ ಜನರನ್ನು ದೋಣಿ, ಟ್ರ್ಯಾಕ್ಟರ್‌ಗಳಲ್ಲಿ ಹೊರತರಬೇಕಾಯಿತು. ತಗ್ಗಿನ ನೆಲ ಬಾಡಿಗೆಯ ಕರಾರಿನಲ್ಲಿ ಕಾಣುವುದಿಲ್ಲ.

ಇನ್ನು ಹಣದ ವಿಷಯ. ಅಡ್ವಾನ್ಸ್ ಎಂಬುದು ಮಾಲೀಕನ ಕೈಯಲ್ಲಿರುವ ಅಮಾನತ್ತು. ಎಷ್ಟು ಕೊಟ್ಟಿರಿ, ಬಿಡುವಾಗ ಬಣ್ಣಕ್ಕೆಂದು ಎಷ್ಟು ಹಿಡಿಯುತ್ತಾರೆ, ಮೇಂಟೆನೆನ್ಸ್ ಬಾಡಿಗೆಯಲ್ಲಿ ಸೇರಿದೆಯೇ, ವರ್ಷಕ್ಕೆ ಎಷ್ಟು ಏರಿಸುತ್ತಾರೆ, ಎಷ್ಟು ತಿಂಗಳ ಮೊದಲು ತಿಳಿಸಬೇಕು ಎಲ್ಲವೂ ಬರಹದಲ್ಲಿರಲಿ. ಕುರ್‌ಆನಿನ ಅತಿ ದೀರ್ಘ ವಚನ ಅಲ್‌ಬಕರ ಅಧ್ಯಾಯದ 282ನೆಯದು. ಅದು ಸಾಲದ ವ್ಯವಹಾರವನ್ನು ಬರೆದಿಡಲು, ಸಾಕ್ಷಿಗಳನ್ನು ನಿಲ್ಲಿಸಲು ಕಲಿಸುತ್ತದೆ. ಬರೆಸಿಕೊಳ್ಳುವುದು ಅಪನಂಬಿಕೆಯಲ್ಲ, ಮುಂದೆ ಜಗಳವಾಗದಂತೆ ಇಬ್ಬರನ್ನೂ ಕಾಯುವ ವ್ಯವಸ್ಥೆ. ಮನೆ ನೋಡುವ ಮೊದಲೇ ಟೋಕನ್ ಹಣ ಕಳಿಸಿ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಕರಾರಿಗೆ ಸಹಿ ಹಾಕುವವರೇ ಮನೆಯ ಮಾಲೀಕರೆಂದು ತೆರಿಗೆ ರಸೀದಿ, ವಿದ್ಯುತ್ ಬಿಲ್ ನೋಡಿ ಖಚಿತಪಡಿಸಿಕೊಳ್ಳಿ.

ಭೋಗ್ಯದ ಬಗ್ಗೆ ವಿಶೇಷವಾಗಿ ಹೇಳಬೇಕು. ಎಂಟೋ ಹತ್ತೋ ಲಕ್ಷ ಒಟ್ಟಿಗೆ ಕೊಟ್ಟರೆ ಬಾಡಿಗೆಯೇ ಇಲ್ಲ, ಬಿಡುವಾಗ ಪೂರ್ತಿ ಹಣ ವಾಪಸು ಎಂಬ ಮಾತು ಕೇಳಲು ಹಿತವಾಗಿದೆ. ಆದರೆ ಕೊಟ್ಟ ಹಣ ಪೂರ್ತಿ ಮರಳಿ ಬರುವುದಾದರೆ ಅದು ಸಾಲ. ಸಾಲ ಕೊಟ್ಟದ್ದಕ್ಕಾಗಿ ಪುಕ್ಕಟೆಯಾಗಿ ವಾಸಿಸುವುದು ಆ ಸಾಲದ ಲಾಭ. ಸಾಲದಿಂದ ಲಾಭ ಪಡೆಯುವುದು ಬಡ್ಡಿಯ ಸಾಲಿಗೆ ಸೇರುತ್ತದೆಂದು ವಿದ್ವಾಂಸರು ಎಚ್ಚರಿಸಿದ್ದಾರೆ. ಕರಾರು ಮಾಡುವ ಮೊದಲು ನೀವು ನಂಬುವ ಆಲಿಮರ ಬಳಿ ಅದರ ಷರತ್ತುಗಳನ್ನು ತೋರಿಸಿ ಕೇಳಿ. ಲೌಕಿಕ ಅಪಾಯವೂ ಇದೆ. ಆ ಮನೆಯ ಮೇಲೆ ಬ್ಯಾಂಕ್ ಸಾಲವಿದ್ದು ಮಾಲೀಕ ಕಂತು ಕಟ್ಟದಿದ್ದರೆ ಬ್ಯಾಂಕಿನವರು ಬಾಗಿಲಿಗೆ ಬರುತ್ತಾರೆ. ಮಧ್ಯವರ್ತಿಯೊಬ್ಬ ನಿಮ್ಮಿಂದ ಲಕ್ಷಗಳನ್ನು ಪಡೆದು, ಮಾಲೀಕನಿಗೆ ತಿಂಗಳ ಬಾಡಿಗೆ ಕೊಡುತ್ತಿದ್ದು, ಒಂದು ದಿನ ಕಣ್ಮರೆಯಾಗುವುದೂ ಉಂಟು. ಮಗಳ ಮದುವೆಗೆಂದು ಕೂಡಿಟ್ಟ ಹಣ ಹೀಗೆ ಹೋದ ಮೇಲೆ ಅಳುವುದರಿಂದ ಪ್ರಯೋಜನವಿಲ್ಲ.

ಮೂರನೆಯದು ನೆರೆಮನೆ

ಪ್ರವಾದಿ(ಸ)ರು ಮದೀನಾಕ್ಕೆ ಬಂದಾಗ ಅವರಿಗೂ ಸ್ವಂತ ಮನೆಯಿರಲಿಲ್ಲ. ಮಸೀದಿ ಮತ್ತು ಕೋಣೆಗಳು ಸಿದ್ಧವಾಗುವವರೆಗೆ ಅಬೂ ಅಯ್ಯೂಬ್ ಅನ್ಸಾರಿ(ರ)ಯವರ ಎರಡಂತಸ್ತಿನ ಮನೆಯಲ್ಲಿ ಉಳಿದರು. ಭೇಟಿಗೆ ಬರುವವರಿಗೆ ಅನುಕೂಲವಾಗಲೆಂದು ಕೆಳಗಿನ ಅಂತಸ್ತನ್ನು ಆರಿಸಿಕೊಂಡರು. ಒಂದು ರಾತ್ರಿ ಮೇಲಂತಸ್ತಿನಲ್ಲಿ ನೀರಿನ ಮಡಕೆ ಒಡೆಯಿತು. ಕೆಳಗಿರುವವರ ಮೇಲೆ ನೀರು ತೊಟ್ಟಿಕ್ಕೀತೆಂಬ ಭಯದಲ್ಲಿ ಆ ದಂಪತಿ ತಮ್ಮ ಬಳಿಯಿದ್ದ ಒಂದೇ ಹೊದಿಕೆಯಿಂದ ನೀರನ್ನು ಒರೆಸಿದರು. ಹೊದೆಯಲು ಬೇರೆ ಇರಲಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಬದುಕುವವರಿಗೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ. ಮೇಲಿನ ಮನೆಯವರ ನೀರು, ಸದ್ದು, ಕಸ ಕೆಳಗಿನವರ ತಲೆಯ ಮೇಲೆ ಬೀಳುತ್ತದೆ. ರಾತ್ರಿ ಹನ್ನೊಂದಕ್ಕೆ ಕುರ್ಚಿ ಎಳೆಯುವಾಗ, ಲಿಫ್ಟಿನ ಬಳಿ ಚಪ್ಪಲಿ ಬಿಡುವಾಗ, ಇನ್ನೊಬ್ಬರ ಜಾಗದಲ್ಲಿ ಗಾಡಿ ನಿಲ್ಲಿಸುವಾಗ ಆ ಹೊದಿಕೆ ನೆನಪಿರಲಿ.

ನೆರೆಯವರೆಂದರೆ ನಮ್ಮವರೇ ಆಗಬೇಕೆಂದಿಲ್ಲ. ಒಳ್ಳೆಯವರಾಗಿದ್ದರೆ ಸಾಕು. ಮಸೀದಿ ಹತ್ತಿರವಿರುವ ಬಡಾವಣೆಯನ್ನು ಬಯಸುವುದು ಸಹಜ. ಹಾಗೆಯೇ ಬೇರೆ ಧರ್ಮದವರ ನಡುವೆ ಇರುವವನ ನಡತೆಯೇ ಅವನ ಧರ್ಮದ ಪರಿಚಯ ಎಂಬುದೂ ಸತ್ಯ.

ಇಲ್ಲಿ ಒಂದು ನೋವಿನ ಮಾತನ್ನು ಮರೆಮಾಚಲಾಗದು. ಫೋನಿನಲ್ಲಿ ಎಲ್ಲ ಒಪ್ಪಿಗೆಯಾಗಿ, ಹೆಸರು ಹೇಳಿದೊಡನೆ ಮನೆ ಬೇರೆಯವರಿಗೆ ಕೊಟ್ಟಾಯಿತು ಎಂಬ ಉತ್ತರ ನಮ್ಮ ಮಕ್ಕಳಿಗೆ ಸಿಗುತ್ತಿದೆ. ಅದು ಅನ್ಯಾಯ. ಅನ್ಯಾಯವನ್ನು ಅನ್ಯಾಯವೆಂದೇ ಹೇಳಬೇಕು. ಆದರೆ ಅದಕ್ಕೆ ಪರಿಹಾರವೆಂದು ಹೆಸರು ಬದಲಿಸಿ ಹೇಳುವುದು, ಸುಳ್ಳು ವಿವರ ಕೊಡುವುದು ಬೇಡ. ಸುಳ್ಳಿನ ಮೇಲೆ ಮಾಡಿದ ಮನೆಯಲ್ಲಿ ನಿದ್ದೆ ಬರುವುದಿಲ್ಲ. ಮೊದಲ ಕರೆಯಲ್ಲೇ ಹೆಸರು, ಕೆಲಸ, ಮನೆಯಲ್ಲಿ ಎಷ್ಟು ಜನ ಎಂಬುದನ್ನು ಸ್ಪಷ್ಟವಾಗಿ ಹೇಳಿ. ಬೇಡವೆನ್ನುವವರ ಮನೆಗೆ ಬಸ್ಸು ಹತ್ತಿ ಹೋಗುವ ದಣಿವಾದರೂ ಉಳಿಯುತ್ತದೆ. ಬೆಂಗಳೂರಿನಲ್ಲಿ ಬೇಡವೆಂದವರು ಇರುವಂತೆ, ಬನ್ನಿ ಎಂದು ಕೀಲಿ ಕೊಟ್ಟು, ನಮ್ಮ ಹಬ್ಬದಂದು ಮನೆಗೆ ಬಂದು ಶುಭ ಹಾರೈಸುವ ಹಿಂದೂ, ಕ್ರೈಸ್ತ ಮಾಲೀಕರೂ ಇದ್ದಾರೆ. ಒಬ್ಬರ ತಪ್ಪನ್ನು ಎಲ್ಲರ ಲೆಕ್ಕಕ್ಕೆ ಬರೆಯುವುದೂ ಅನ್ಯಾಯವೇ.

ಜೊತೆಗೆ ನಮ್ಮಲ್ಲಿ ಬಾಡಿಗೆ ಮನೆಗಳಿರುವವರೂ ಯೋಚಿಸಬೇಕು. ಬೇರೆ ಜಿಲ್ಲೆಯವರಿಗೆ ಕೊಡುವುದಿಲ್ಲ, ವಿಧವೆಗೆ ಕೊಡುವುದಿಲ್ಲ, ಮಕ್ಕಳು ಹೆಚ್ಚಿದ್ದರೆ ಕೊಡುವುದಿಲ್ಲ ಎಂದು ಬಾಗಿಲು ಮುಚ್ಚುವವರು ನಮ್ಮಲ್ಲಿಲ್ಲವೇ? ಬಿಟ್ಟು ಹೋಗುವಾಗ ಮೊಳೆ ಹೊಡೆದ ಗೋಡೆಯ ನೆಪದಲ್ಲಿ ಅಡ್ವಾನ್ಸ್ ಹಿಡಿದುಕೊಳ್ಳುವವರಿಲ್ಲವೇ? ಇನ್ನೊಬ್ಬರು ನಮಗೆ ಮಾಡಿದರೆ ನೋಯುವುದನ್ನು ನಾವೂ ಮಾಡಬಾರದು.

ಹೊಸಬರಿಗೆ ನಾವು ಏನಾಗಬೇಕು?

ಹಿಜ್ರಾದ ನಂತರ ಪ್ರವಾದಿ(ಸ)ರು ಮಕ್ಕಾದಿಂದ ಬಂದ ಮುಹಾಜಿರರನ್ನೂ ಮದೀನಾದ ಅನ್ಸಾರರನ್ನೂ ಸಹೋದರರನ್ನಾಗಿ ಜೋಡಿಸಿದರು. ಸಅದ್ ಬಿನ್ ರಬೀಅ್(ರ) ತಮ್ಮ ಸಂಪತ್ತಿನಲ್ಲಿ ಅರ್ಧ ಕೊಡಲು ಮುಂದಾದರು. ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರಿಗಾಗಿ ಪ್ರಾರ್ಥಿಸಿ, ಮಾರುಕಟ್ಟೆಯ ದಾರಿ ತೋರಿಸಿದರೆ ಸಾಕೆಂದರು. ಕೊಡುವವರು ಹೇಗಿರಬೇಕು, ಬಂದವರು ಹೇಗಿರಬೇಕು ಎಂಬುದಕ್ಕೆ ಇದು ಮಾದರಿ. ಹೊಸಬನಿಗೆ ಹಲವು ಬಾರಿ ಬೇಕಾಗಿರುವುದು ಹಣವಲ್ಲ, ದಾರಿ ತೋರಿಸುವ ಒಬ್ಬ ಮನುಷ್ಯ.

ನಮ್ಮ ಊರಿನಿಂದ ಹೋಗಿ ಬೆಂಗಳೂರಿನಲ್ಲಿ ನೆಲೆಸಿರುವ ಕುಟುಂಬಗಳು ಎಷ್ಟೋ ಇವೆ. ಊರಿನ ಹುಡುಗ ಬಂದರೆ ಎರಡು ವಾರ ಒಂದು ಕೋಣೆ ಕೊಡಿ. ಆ ಎರಡು ವಾರದಲ್ಲಿ ಅವನು ಕೆಲಸದ ದಿನಗಳ ದಾರಿಯನ್ನು ಕಂಡು, ಅವಸರವಿಲ್ಲದೆ ಮನೆ ಆರಿಸಬಲ್ಲ. ಒಬ್ಬಂಟಿಯಾಗಿ ಬರುವ ಹೆಣ್ಣುಮಗಳ ಜೊತೆ ಮನೆ ನೋಡಲು ಒಬ್ಬ ಹಿರಿಯ ಅಕ್ಕ ಹೋಗಲಿ. ನಿಮ್ಮ ಬೀದಿಯಲ್ಲಿ ಖಾಲಿಯಾದ ಮನೆಯ ಮಾಹಿತಿಯನ್ನು ಊರಿನ ಜಮಾಅತ್‌ಗೆ ತಿಳಿಸಿ. ಅದಕ್ಕೆ ಖರ್ಚಿಲ್ಲ. ಹಾಗೆ ಉಳಿದುಕೊಂಡ ಹುಡುಗನೂ ಅತಿಥ್ಯವನ್ನು ಹೊರೆಯಾಗಿಸದಿರಲಿ. ತರಕಾರಿ ತರಲಿ, ಪಾತ್ರೆ ತೊಳೆಯಲಿ, ಹೇಳಿದ ದಿನಕ್ಕೆ ಹೊರಡಲಿ.

ದೂರದಲ್ಲಿರುವವರು ದಾರಿಯನ್ನೂ ಹಂಚಿಕೊಳ್ಳಬಹುದು. ಉಮರ್(ರ) ಮದೀನಾದ ಹೊರವಲಯದಲ್ಲಿ ವಾಸವಾಗಿದ್ದಾಗ, ಅವರೂ ಅವರ ಅನ್ಸಾರಿ ನೆರೆಯವರೂ ಸರದಿಯ ಮೇಲೆ ಪ್ರವಾದಿ(ಸ)ರ ಬಳಿಗೆ ಹೋಗುತ್ತಿದ್ದರು. ಒಂದು ದಿನ ಒಬ್ಬರು ಹೋಗಿ ಅಂದಿನ ವಿಚಾರವನ್ನು ಇನ್ನೊಬ್ಬರಿಗೆ ತಂದು ತಿಳಿಸುವರು, ಮರುದಿನ ಇನ್ನೊಬ್ಬರು. ಒಂದೇ ಕಡೆ ಕೆಲಸಕ್ಕೆ ಹೋಗುವ ನಾಲ್ವರು ನಾಲ್ಕು ಗಾಡಿ ತೆಗೆಯುವ ಬದಲು ಒಂದರಲ್ಲಿ ಹೋಗಬಹುದು. ಒಂದು ದಿನ ಒಬ್ಬ ತಾಯಿ, ಇನ್ನೊಂದು ದಿನ ಇನ್ನೊಬ್ಬಾಕೆ ಮಕ್ಕಳನ್ನು ಶಾಲೆಗೆ ಬಿಡಬಹುದು. ಒಳ್ಳೆಯ ನೆರೆಯಿದ್ದರೆ ದೂರವೂ ಕಡಿಮೆಯಾಗುತ್ತದೆ.

ಕೊನೆಯದಾಗಿ, ವಿಚಾರಿಸಿ, ಲೆಕ್ಕ ಹಾಕಿ, ಮನೆಯವರೊಂದಿಗೆ ಸಮಾಲೋಚಿಸಿದ ಮೇಲೆ ಎರಡು ರಕಅತ್ ಇಸ್ತಿಖಾರಾ ನಮಾಝ್ ಮಾಡಿ ತೀರ್ಮಾನಿಸಿ. ನೀರಿದೆಯೇ ಎಂದು ವಿಚಾರಿಸದೆ ಇಸ್ತಿಖಾರಾ ಮಾತ್ರ ಮಾಡುವುದು ಸರಿಯಲ್ಲ. ಎಲ್ಲ ವಿಚಾರಿಸಿಯೂ ಅಲ್ಲಾಹನನ್ನು ಮರೆಯುವುದೂ ಸರಿಯಲ್ಲ. ಆರಿಸಿದ ಮೇಲೆ ಅದರ ಕೊರತೆಗಳನ್ನು ಎಣಿಸುತ್ತಾ ಕೂರಬೇಡಿ. ಎಲ್ಲವೂ ಸರಿಯಿರುವ ಮನೆ ಈ ಲೋಕದಲ್ಲಿಲ್ಲ.

ಮಹಾಪ್ರಳಯದ ನಂತರ ಹೊಸ ನೆಲದಲ್ಲಿ ಕಾಲಿಡುವ ಮೊದಲು, ಅನುಗ್ರಹೀತವಾದ ತಂಗುದಾಣವನ್ನು ಬೇಡಿಕೊಳ್ಳುವಂತೆ ಅಲ್ಲಾಹನು ನೂಹ್(ಅ)ರಿಗೆ ಕಲಿಸಿದ್ದನ್ನು ಅಲ್‌ಮುಅ್‌ಮಿನೂನ್ ಅಧ್ಯಾಯದಲ್ಲಿ ಓದುತ್ತೇವೆ. ಊರು ಬಿಟ್ಟು ಹೊರಟ ನಮ್ಮ ಮಕ್ಕಳಿಗೂ ಅಲ್ಲಾಹನು ಅನುಗ್ರಹೀತವಾದ ಮನೆಯನ್ನು, ಸುಲಭವಾದ ದಾರಿಯನ್ನು, ಒಳ್ಳೆಯ ನೆರೆಯವರನ್ನು ಕರುಣಿಸಲಿ. ಅವರನ್ನೂ ಇತರರಿಗೆ ಒಳ್ಳೆಯ ನೆರೆಯವರನ್ನಾಗಿ ಮಾಡಲಿ. ಆಮೀನ್.